ಒಂದು ರಿಸೆಪ್ಟರ್ ಜೀನನ್ನು ಬಿಡಿಸಿ ಓದುವುದು ಹೇಗೆ? ಎಲ್‌ಡಿಎಲ್‌ಆರ್ ಹಿಡಿದುಕೊಂಡು ಒಂದು ಅಭ್ಯಾಸ

ಜೀನಿನ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೋಡಿಯೇ ಇರುತ್ತೀರಿ. ಒಂದು ಉದ್ದ ಗೆರೆ, ಅದರ ಮೇಲೆ ಅಲ್ಲಲ್ಲಿ ಡಬ್ಬಿಗಳು. ಡಬ್ಬಿ ಅಂದರೆ ಎಕ್ಸಾನ್ (ಉಳಿದುಕೊಳ್ಳುವ ಭಾಗ), ನಡುವಿನ ಗೆರೆ ಅಂದರೆ ಇಂಟ್ರಾನ್ (ಕತ್ತರಿಸಿ ತೆಗೆಯುವ ಭಾಗ). ಪರೀಕ್ಷೆಗೆ ಅಷ್ಟು ಸಾಕು. ಆದರೆ ಡಬ್ಬಿ ಅಲ್ಲೇ ಯಾಕೆ ಮುಗಿಯುತ್ತದೆ, ಹತ್ತು ಅಕ್ಷರ ಆಚೆ ಯಾಕೆ ಮುಗಿಯಲಿಲ್ಲ? ಇದನ್ನು ಯಾರೂ ಕೇಳುವುದಿಲ್ಲ, ಪುಸ್ತಕವೂ ಹೇಳುವುದಿಲ್ಲ.

ಉತ್ತರ ಹುಡುಕಲು ಲ್ಯಾಬ್ ಬೇಕಾಗಿಲ್ಲ. ಇಂಟರ್‌ನೆಟ್ ಇರುವ ಕಂಪ್ಯೂಟರ್, ಒಂದು ಸ್ಪ್ರೆಡ್‌ಶೀಟ್, ಮೂರರಿಂದ ಭಾಗಿಸುವಷ್ಟು ಗಣಿತ ಇದ್ದರೆ ಸಾಕು. ಒಂದು ಸಂಜೆಯ ಕೆಲಸ. ಅಭ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಎಲ್‌ಡಿಎಲ್ ರಿಸೆಪ್ಟರ್. ಜೀವಕೋಶದ ಮೇಲ್ಮೈಯಲ್ಲಿ ಕೂತು, ರಕ್ತದಲ್ಲಿ ಹೋಗುವ ಕೊಲೆಸ್ಟರಾಲ್ ತುಂಬಿದ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಪ್ರೋಟೀನ್ ಇದು. ಇದರ ಮೇಲಿನ ಕೆಲಸಕ್ಕೆ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅದೇ ವರ್ಷ ಅವರ ಲ್ಯಾಬಿನಿಂದಲೇ ಈ ಜೀನಿನ ರಚನೆಯೂ ಪ್ರಕಟವಾಯಿತು. ಆ ಲೇಖನದ ಮೊದಲ ಹೆಸರು ಥಾಮಸ್ ಸ್ಯೂಡ್‌ಹೋಫ್. 2013ರಲ್ಲಿ ಬೇರೆಯದೇ ಕೆಲಸಕ್ಕೆ ಅವರಿಗೂ ನೊಬೆಲ್ ಸಿಕ್ಕಿತು.

ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಜೀನ್ ನನಗೆ ಗೊತ್ತಿಲ್ಲ. ತೀರಾ ದೊಡ್ಡದಲ್ಲ, ತೀರಾ ಚಿಕ್ಕದೂ ಅಲ್ಲ. ಮುಖ್ಯವಾಗಿ, ಇದರ ರಚನೆ ನೋಡಿದರೆ ಪ್ರೋಟೀನಿನ ಆಕಾರ ಅರ್ಧ ಗೊತ್ತಾಗಿಬಿಡುತ್ತದೆ.

ಹಂತ 1: ಹೆಸರು, ಟ್ರಾನ್ಸ್‌ಕ್ರಿಪ್ಟ್, ಆವೃತ್ತಿ

ಮೊದಲು ಎನ್‌ಸಿಬಿಐನ ಜೀನ್ ಪುಟಕ್ಕೋ ಎನ್ಸೆಂಬಲ್‌ಗೋ ಹೋಗಿ. ಎರಡೂ ಜೀನ್ ಮಾಹಿತಿಯ ಆನ್‌ಲೈನ್ ಡೇಟಾಬೇಸ್‌ಗಳು. ಎಲ್, ಡಿ, ಎಲ್, ಆರ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಟೈಪ್ ಮಾಡಿ. ಜಾತಿ ಮನುಷ್ಯ ಎಂದು ಆರಿಸಿಕೊಳ್ಳಿ. ಇಲ್ಲದಿದ್ದರೆ ಇಲಿಯ ಜೀನೂ ಎದುರಿಗೆ ಬಂದು ನಿಲ್ಲುತ್ತದೆ. ಹೆಸರಿನಲ್ಲಿ ಎಲ್‌ಆರ್‌ಪಿ ಇರುವ ಜೀನ್‌ಗಳೂ ಕಾಣಬಹುದು. ಅವು ಇದೇ ಮನೆತನದವು, ಆದರೆ ನಮಗೆ ಬೇಕಾದವಲ್ಲ.

ಒಂದೇ ಜೀನಿಗೆ ಹಲವು ಟ್ರಾನ್ಸ್‌ಕ್ರಿಪ್ಟ್‌ಗಳ, ಅಂದರೆ ಜೀನಿನಿಂದ ತಯಾರಾಗುವ ಆರ್‌ಎನ್‌ಎ ಪ್ರತಿಗಳ, ಪಟ್ಟಿ ಕಾಣಿಸುತ್ತದೆ. ಹೊಸಬರು ಗಲಿಬಿಲಿಯಾಗುವುದು ಇಲ್ಲೇ. ಸುಮ್ನೆ ಮೊದಲನೆಯದನ್ನೋ ಉದ್ದದ್ದನ್ನೋ ಆರಿಸಬೇಡಿ. 'ಮೇನ್ ಸೆಲೆಕ್ಟ್' ಎಂಬ ಗುರುತು ಯಾವುದಕ್ಕಿದೆಯೋ ಅದನ್ನು ತೆಗೆದುಕೊಳ್ಳಿ. ಎನ್‌ಸಿಬಿಐ ಮತ್ತು ಎನ್ಸೆಂಬಲ್ ಎರಡೂ ಕಡೆಯವರು ಕೂತು ಒಪ್ಪಿಕೊಂಡ ಟ್ರಾನ್ಸ್‌ಕ್ರಿಪ್ಟ್ ಅದು. ನಮ್ಮ ಜೀನಿಗೆ ಅದು ಎನ್‌ಎಂ_000527, ಆವೃತ್ತಿ 5. ಚುಕ್ಕೆಯ ನಂತರದ ಆ 5 ಕೂಡ ಬರೆದಿಟ್ಟುಕೊಳ್ಳಿ.

ಜೀನ್ ಇರುವುದು 19ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ, 19ಪಿ13.2 ಎಂಬ ಜಾಗದಲ್ಲಿ. ಉದ್ದ ಸುಮಾರು 45 ಸಾವಿರ ಬೇಸ್ (ಡಿಎನ್‌ಎಯ ಅಕ್ಷರ). ಇಲ್ಲಿ ಒಂದು ಎಚ್ಚರಿಕೆ. ಮಾನವ ಜೀನೋಮಿನ ಎರಡು ನಕ್ಷೆಗಳು ಇಂದಿಗೂ ಚಾಲ್ತಿಯಲ್ಲಿವೆ: 2009ರ ಜಿಆರ್‌ಸಿಎಚ್37 ಮತ್ತು 2013ರ ಜಿಆರ್‌ಸಿಎಚ್38. ಹಳೆಯದರಲ್ಲಿ ಈ ಜೀನ್ 1 ಕೋಟಿ 12 ಲಕ್ಷದ ಆಸುಪಾಸಿನಲ್ಲಿ ಶುರುವಾಗುತ್ತದೆ. ಹೊಸದರಲ್ಲಿ 1 ಕೋಟಿ 10 ಲಕ್ಷದ 89 ಸಾವಿರದ ಆಸುಪಾಸಿನಲ್ಲಿ. ಜೀನ್ ಎಲ್ಲೂ ಸರಿದಿಲ್ಲ, ಅಳತೆ ಶುರುವಾಗುವ ಲೆಕ್ಕ ಬದಲಾಗಿದೆ ಅಷ್ಟೆ. ಆದರೆ ಒಂದು ನಕ್ಷೆಯ ಸಂಖ್ಯೆಯನ್ನು ಇನ್ನೊಂದರಲ್ಲಿ ಹುಡುಕಿದರೆ ಲಕ್ಷಕ್ಕೂ ಜಾಸ್ತಿ ಬೇಸ್ ಆಚೆ ಎಲ್ಲೋ ನಿಂತಿರುತ್ತೀರಿ.

ಹಂತ 2: ಪಟ್ಟಿಯನ್ನು ನೀವೇ ಮಾಡಿ

ಸಿದ್ಧ ಚಿತ್ರ ಡೌನ್‌ಲೋಡ್ ಮಾಡಬೇಡಿ. ಸ್ಪ್ರೆಡ್‌ಶೀಟ್‌ನಲ್ಲಿ ಮೂರು ಕಾಲಂ ಹಾಕಿ: ಎಕ್ಸಾನ್ ಸಂಖ್ಯೆ, ಅದರ ಕೊನೆಯ ಬೇಸ್, ಆ ಸಂಖ್ಯೆಯನ್ನು 3ರಿಂದ ಭಾಗಿಸಿದಾಗ ಉಳಿಯುವ ಶೇಷ. ಎಣಿಕೆ ಪ್ರೋಟೀನಿನ ಮೊದಲ ಕೋಡಾನ್‌ನಿಂದ (ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರು ಬೇಸ್‌ಗಳ ಗುಂಪು), ಅಂದರೆ ಎಟಿಜಿಯ 'ಎ'ಯನ್ನು 1 ಎಂದು ಹಿಡಿದು. ಇಂಟ್ರಾನ್‌ಗಳನ್ನು ಲೆಕ್ಕಕ್ಕೆ ಸೇರಿಸಬಾರದು. ಎನ್ಸೆಂಬಲ್‌ನ ಎಕ್ಸಾನ್ ಪುಟದಿಂದ ಇದನ್ನು ತುಂಬಬಹುದು. ಸಿಗುವುದು ಹೀಗೆ:

ಎಕ್ಸಾನ್ 1: 67, ಶೇಷ 1
ಎಕ್ಸಾನ್ 2: 190, ಶೇಷ 1
ಎಕ್ಸಾನ್ 3: 313, ಶೇಷ 1
ಎಕ್ಸಾನ್ 4: 694, ಶೇಷ 1
ಎಕ್ಸಾನ್ 5: 817, ಶೇಷ 1
ಎಕ್ಸಾನ್ 6: 940, ಶೇಷ 1
ಎಕ್ಸಾನ್ 7: 1060, ಶೇಷ 1
ಎಕ್ಸಾನ್ 8: 1186, ಶೇಷ 1
ಎಕ್ಸಾನ್ 9: 1358, ಶೇಷ 2
ಎಕ್ಸಾನ್ 10: 1586, ಶೇಷ 2
ಎಕ್ಸಾನ್ 11: 1705, ಶೇಷ 1
ಎಕ್ಸಾನ್ 12: 1845, ಶೇಷ 0
ಎಕ್ಸಾನ್ 13: 1987, ಶೇಷ 1
ಎಕ್ಸಾನ್ 14: 2140, ಶೇಷ 1
ಎಕ್ಸಾನ್ 15: 2311, ಶೇಷ 1
ಎಕ್ಸಾನ್ 16: 2389, ಶೇಷ 1
ಎಕ್ಸಾನ್ 17: 2547, ಶೇಷ 0
ಎಕ್ಸಾನ್ 18: 2583, ಶೇಷ 0

ಕೊನೆಯ ಸಾಲಿನಿಂದ ನಿಮ್ಮ ಪಟ್ಟಿ ಸರಿಯಿದೆಯಾ ಅಂತ ಪರೀಕ್ಷಿಸಿಕೊಳ್ಳಿ. 2583ನ್ನು 3ರಿಂದ ಭಾಗಿಸಿದರೆ 861. ಅದರಲ್ಲಿ ಒಂದು 'ನಿಲ್ಲಿಸು' ಕೋಡಾನ್. ಉಳಿದದ್ದು 860 ಅಮೈನೊ ಆಮ್ಲ. ಯೂನಿಪ್ರಾಟ್ ಎಂಬ ಪ್ರೋಟೀನ್ ಡೇಟಾಬೇಸಿನಲ್ಲಿ ಈ ಪ್ರೋಟೀನಿನ ಪುಟ ತೆಗೆದರೆ ಅಲ್ಲೂ ಉದ್ದ 860 ಎಂದೇ ಇರುತ್ತದೆ. ಹೊಂದದಿದ್ದರೆ ನೀವು ಬೇರೆ ಟ್ರಾನ್ಸ್‌ಕ್ರಿಪ್ಟ್ ಹಿಡಿದಿದ್ದೀರಿ, ಒಂದನೇ ಹಂತಕ್ಕೆ ವಾಪಸ್ ಹೋಗಿ.

ಇನ್ನೊಂದು ವಿಷಯ. ಪೂರ್ತಿ ಎಂಆರ್‌ಎನ್‌ಎ ಉದ್ದ ಸುಮಾರು 5200 ಬೇಸ್. ಪ್ರೋಟೀನ್ ಆಗುವುದು ಬರೀ 2580. ಮಿಕ್ಕಿದ್ದರಲ್ಲಿ ಹೆಚ್ಚಿನದು, ಸುಮಾರು 2500 ಬೇಸ್, 18ನೇ ಎಕ್ಸಾನ್‌ನ ಬಾಲ. ಚಿತ್ರದಲ್ಲಿ ಕೊನೆಯ ಡಬ್ಬಿ ಅಷ್ಟು ದೊಡ್ಡದಾಗಿ ಕಾಣುವುದು ಇದಕ್ಕೇ. ಆ ದೊಡ್ಡ ಡಬ್ಬಿ ಪ್ರೋಟೀನಿಗೆ ಕೊಡುವುದು ಎಷ್ಟು ಗೊತ್ತಾ? 11 ಅಮೈನೊ ಆಮ್ಲ. ಡಬ್ಬಿಯ ಗಾತ್ರ ನೋಡಿ ಅದರ ಪ್ರಾಮುಖ್ಯ ಅಳೆಯಬೇಡಿ.

ಹಂತ 3: ಶೇಷದ ಕಾಲಂ ನೋಡಿ

ಈ ಲೇಖನ ಬರೆಯಲು ಕೂತಿದ್ದೇ ಈ ಹಂತಕ್ಕಾಗಿ. ಮೂರನೇ ಕಾಲಂ ಮೇಲಿಂದ ಕೆಳಗೆ ಓದಿ: 1, 1, 1, 1, 1, 1, 1, 1. ಎಂಟು ಸಲ ಒಂದೇ. ಇದು ಕಾಕತಾಳೀಯ ಅನ್ನಿಸುತ್ತದಾ?

ಶೇಷ 1 ಅಂದರೆ ಏನು? ಒಂದು ಅಮೈನೊ ಆಮ್ಲಕ್ಕೆ ಮೂರು ಬೇಸ್ ಬೇಕು. ಆ ಮೂರರಲ್ಲಿ ಮೊದಲನೆಯದು ಈ ಎಕ್ಸಾನ್‌ನ ಕೊನೆಯಲ್ಲಿ, ಉಳಿದೆರಡು ಮುಂದಿನ ಎಕ್ಸಾನ್‌ನ ಆರಂಭದಲ್ಲಿ. ಪ್ರತಿ ಸಲವೂ ಕೋಡಾನ್ ಮುರಿಯುವುದು ಅದೇ ಜಾಗದಲ್ಲಿ.

ಈಗ 5ನೇ ಎಕ್ಸಾನನ್ನು ಹತ್ತಿರದಿಂದ ನೋಡೋಣ. ಅದು 695ರಿಂದ 817ರವರೆಗೆ. ಒಟ್ಟು 123 ಬೇಸ್, ಅಂದರೆ ಸರಿಯಾಗಿ 41 ಕೋಡಾನ್‌ಗಳಷ್ಟು. ಹಿಂದಿನ ಎಕ್ಸಾನ್ ಒಂದು ಬೇಸ್ ಬಿಟ್ಟು ಹೋಗಿದೆ, ಇದೂ ತನ್ನ ಕೊನೆಯಲ್ಲಿ ಒಂದು ಬೇಸ್ ಬಿಟ್ಟು ಹೋಗುತ್ತದೆ. ಹಾಗಾಗಿ ಇದನ್ನು ಪೂರ್ತಿ ತೆಗೆದುಬಿಟ್ಟರೂ 4 ಮತ್ತು 6 ಸಲೀಸಾಗಿ ಕೂಡಿಕೊಳ್ಳುತ್ತವೆ. ಇಂಥದ್ದೇ ಇನ್ನೊಂದನ್ನು ನಡುವೆ ತುರುಕಿದರೂ ಮುಂದಿನ ಓದು ಕೆಡುವುದಿಲ್ಲ. 2, 3, 5, 6 ನಾಲ್ಕೂ ಎಕ್ಸಾನ್‌ಗಳು 123 ಬೇಸ್‌ನವೇ. ಲೆಕ್ಕ ಹಾಕಿ ನೋಡಿ.

ಬಿಚ್ಚಿ ಜೋಡಿಸಬಲ್ಲ ತುಂಡುಗಳು ಅಂದರೆ ಇವೇ. ವಿಕಾಸದ ಹಾದಿಯಲ್ಲಿ ಇಂಥ ತುಂಡುಗಳು ಒಂದು ಜೀನಿನಿಂದ ಇನ್ನೊಂದಕ್ಕೆ ಹೋಗಿವೆ, ಒಂದೇ ಜೀನಿನೊಳಗೆ ನಕಲಾಗಿ ಸಾಲುಗಟ್ಟಿವೆ. 1985ರ ಲೇಖನದ ದೊಡ್ಡ ಮಾತು ಇದೇ ಆಗಿತ್ತು. ಈ ಜೀನಿನ ಒಂದು ಭಾಗ ರೋಗನಿರೋಧಕ ವ್ಯವಸ್ಥೆಯ ಸಿ9 ಎಂಬ ಪ್ರೋಟೀನನ್ನು ಹೋಲುತ್ತದೆ. ಇನ್ನೊಂದು ಭಾಗ ಇಜಿಎಫ್ ಎಂಬ ಬೆಳವಣಿಗೆಯ ಅಂಶದ ಮೂಲ ಪ್ರೋಟೀನನ್ನು ಹೋಲುತ್ತದೆ. ಕೊಲೆಸ್ಟರಾಲ್‌ಗೂ ಆ ಎರಡಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ.

ಇಲ್ಲಿ ಸಾಫ್ಟ್‌ವೇರ್‌ನವರ ಒಂದು ಕಿರಿಕಿರಿ ಇದೆ. ಇದೇ ಶೇಷಕ್ಕೆ 'ಫೇಸ್' ಎನ್ನುತ್ತಾರೆ. ಎನ್ಸೆಂಬಲ್ ಪುಟದಲ್ಲಿ 2ನೇ ಎಕ್ಸಾನ್‌ನ ಆರಂಭದ ಫೇಸ್ 1 ಎಂದಿರುತ್ತದೆ. ಜಿಎಫ್ಎಫ್ ಎಂಬ ಪಟ್ಟಿ ರೂಪದ ಜೀನ್ ಫೈಲ್ ತೆರೆದರೆ ಅದೇ ಜಾಗಕ್ಕೆ 2 ಎಂದಿರುತ್ತದೆ. ಎರಡೂ ಸರಿಯೇ. ಒಬ್ಬರು ಹಿಂದೆ ಎಷ್ಟು ಬೇಸ್ ಉಳಿದಿದೆ ಎಂದು ಎಣಿಸುತ್ತಾರೆ, ಇನ್ನೊಬ್ಬರು ಹೊಸ ಕೋಡಾನ್ ಸಿಗಲು ಇನ್ನೆಷ್ಟು ಬೇಸ್ ದಾಟಬೇಕು ಎಂದು ಎಣಿಸುತ್ತಾರೆ. ಎರಡನ್ನೂ ಒಂದೇ ಶೀಟಿನಲ್ಲಿ ಬೆರೆಸಿದರೆ ಮಾತ್ರ ಕಥೆ ಮುಗಿಯಿತು.

ಹಂತ 4: ಪ್ರೋಟೀನಿನ ಭಾಗಗಳನ್ನು ಪಕ್ಕದಲ್ಲಿ ಬರೆಯಿರಿ

ಯೂನಿಪ್ರಾಟ್ ಪುಟದಲ್ಲಿ ಡೊಮೇನ್‌ಗಳ, ಅಂದರೆ ಪ್ರೋಟೀನಿನ ಬೇರೆ ಬೇರೆ ಭಾಗಗಳ, ಪಟ್ಟಿ ಇದೆ. ಅದನ್ನು ನೋಡಿಕೊಂಡು ನಾಲ್ಕನೇ ಕಾಲಂ ತುಂಬಿ.

1ನೇ ಎಕ್ಸಾನ್‌ನಲ್ಲಿರುವುದು ಮೊದಲ 21 ಅಮೈನೊ ಆಮ್ಲಗಳ ಸಿಗ್ನಲ್ ಪೆಪ್ಟೈಡ್. ಪ್ರೋಟೀನನ್ನು ಸರಿಯಾದ ದಾರಿಗೆ ಹತ್ತಿಸುವ ವಿಳಾಸದ ಚೀಟಿ ಅದು. ಕೆಲಸ ಆದ ಮೇಲೆ ಕತ್ತರಿಸಿ ಬಿಸಾಡಲಾಗುತ್ತದೆ. ಈ 21ನ್ನು ನೆನಪಿಡಿ, ಮುಂದೆ ಕಾಡುತ್ತದೆ.

2ರಿಂದ 6ರವರೆಗಿನ ಎಕ್ಸಾನ್‌ಗಳು ಕಣವನ್ನು ಹಿಡಿಯುವ ಕೈ. ಇದರಲ್ಲಿ ಸುಮಾರು 40 ಅಮೈನೊ ಆಮ್ಲಗಳ ಏಳು ತುಂಡುಗಳಿವೆ, ಒಂದರ ಹಾಗೇ ಇನ್ನೊಂದು. ಪ್ರತಿಯೊಂದರಲ್ಲೂ ಸಿಸ್ಟೀನ್ ಎಂಬ ಅಮೈನೊ ಆಮ್ಲ ಆರು, ಅವು ಮೂರು ಜೋಡಿಗಳಾಗಿ ಗಂಟು ಹಾಕಿಕೊಂಡು ತುಂಡನ್ನು ಬಿಗಿಯಾಗಿ ಹಿಡಿದಿರುತ್ತವೆ. ಒಂದು ಕ್ಯಾಲ್ಸಿಯಂ ಅಯಾನೂ ಬೇಕು. 2, 3, 5, 6ನೇ ಎಕ್ಸಾನ್‌ಗಳಿಗೆ ತಲಾ ಒಂದೊಂದು ತುಂಡು. ಹಾಗಾದರೆ ಉಳಿದ ಮೂರು? ಮೂರೂ 4ನೇ ಎಕ್ಸಾನ್‌ನಲ್ಲಿವೆ. ಅದಕ್ಕೇ ಅದು 381 ಬೇಸ್‌ನಷ್ಟು ಉದ್ದ. ಈ ಜೀನಿನಲ್ಲಿ ವರದಿಯಾಗಿರುವ ರೋಗಕಾರಕ ಬದಲಾವಣೆಗಳಲ್ಲಿ ಅತಿ ಹೆಚ್ಚು ಸಿಕ್ಕಿರುವುದೂ ಈ 4ನೇ ಎಕ್ಸಾನ್‌ನಲ್ಲೇ.

7ರಿಂದ 14ರವರೆಗೆ ಇಜಿಎಫ್ ಮೂಲ ಪ್ರೋಟೀನನ್ನು ಹೋಲುವ ಭಾಗ. 941ರಿಂದ 2140ರವರೆಗೆ 1200 ಬೇಸ್, ಸರಿಯಾಗಿ 400 ಕೋಡಾನ್‌ಗಳಷ್ಟು. ಇದರೊಳಗೂ ಮೂರು ಭಾಗ ಮಾಡಬಹುದು. 7 ಮತ್ತು 8 ಎರಡು ಪುಟ್ಟ ಇಜಿಎಫ್ ತುಂಡುಗಳು, 14 ಇನ್ನೊಂದು. ನಡುವಿನ 9ರಿಂದ 13ರವರೆಗೆ ಆರು ರೆಕ್ಕೆಗಳ ಫ್ಯಾನಿನಂತಹ ಒಂದು ರಚನೆ, ಬೀಟಾ ಪ್ರೊಪೆಲರ್ ಅಂತಾರೆ.

ಈಗ ಶೇಷದ ಕಾಲಂಗೆ ಮತ್ತೆ ಹೋಗಿ. ಶೇಷ ಏರುಪೇರಾಗಿದ್ದು ಎಲ್ಲಿ? ಇದೇ 9ರಿಂದ 13ರ ನಡುವೆ. ಒಳಗೆ 2, 2, 1, 0 ಅಂತ ಓಲಾಡುತ್ತದೆ. ಆದರೆ ಈ ಐದು ಎಕ್ಸಾನ್‌ಗಳ ಗುಂಪಿಗೆ ಮೊದಲು ಇದ್ದ ಶೇಷ 1, ಗುಂಪು ಮುಗಿದಾಗಲೂ 1. ಒಟ್ಟು 801 ಬೇಸ್, 267 ಕೋಡಾನ್. ಫ್ಯಾನಿನ ಅರ್ಧ ರೆಕ್ಕೆ ತೆಗೆದುಕೊಂಡು ಯಾರೂ ಏನೂ ಮಾಡಲಾರರು. ಒಳಗಿನ ಕೂಡುಗಳು ಹೇಗಿದ್ದರೂ ನಡೆದೀತು, ಹೊರಗಿನ ಎರಡು ಅಂಚು ಹೊಂದಿಕೊಂಡರೆ ಇಡೀ ಫ್ಯಾನ್ ಒಂದೇ ತುಂಡಾಗಿ ಓಡಾಡಬಲ್ಲದು. ಇದನ್ನು ಮೊದಲ ಸಲ ಶೀಟಿನಲ್ಲಿ ಕಂಡಾಗ ನಾನು ಇನ್ನೊಮ್ಮೆ ಭಾಗಿಸಿ ನೋಡಿದ್ದೆ.

15ನೇ ಎಕ್ಸಾನ್‌ನದು ಸಕ್ಕರೆಯ ಸರಪಳಿಗಳು ಅಂಟಿಕೊಳ್ಳುವ ಭಾಗ. ಅದರ ನಂತರ ಕೋಶಪೊರೆ ದಾಟುವ 22 ಅಮೈನೊ ಆಮ್ಲ. ಇಲ್ಲಿ ಅಚ್ಚುಕಟ್ಟು ಕೆಡುತ್ತದೆ. ಪೊರೆಯ ಭಾಗ 16ರಲ್ಲಿ ಶುರುವಾಗಿ 17ರಲ್ಲಿ ಮುಗಿಯುತ್ತದೆ, ಇಂಟ್ರಾನ್ ನಟ್ಟನಡುವೆ ಹಾದುಹೋಗಿದೆ. 'ಒಂದು ಎಕ್ಸಾನ್, ಒಂದು ಡೊಮೇನ್' ಎಂದು ಎಲ್ಲಾದರೂ ಓದಿದ್ದರೆ ಈ ಜಾಗ ತೋರಿಸಿ. ಕೊನೆಗೆ ಕೋಶದ ಒಳಗೆ ಇಳಿಬಿದ್ದಿರುವ 50 ಅಮೈನೊ ಆಮ್ಲಗಳ ಬಾಲ, 17 ಮತ್ತು 18ಕ್ಕೆ ಹಂಚಿಹೋಗಿದೆ.

ಹಂತ 5: ಒಂದು ಬದಲಾವಣೆಯನ್ನು ಪಟ್ಟಿಯ ಮೇಲೆ ಕೂರಿಸಿ

ಪಟ್ಟಿ ಮಾಡಿದ್ದು ಸಾರ್ಥಕವಾಗುವುದು ಈಗ. ಕೌಟುಂಬಿಕ ಹೈಪರ್‌ಕೊಲೆಸ್ಟರಾಲೇಮಿಯಾ, ಅಂದರೆ ಹುಟ್ಟಿನಿಂದಲೇ ಎಲ್‌ಡಿಎಲ್ ಏರಿರುವ ಕಾಯಿಲೆಗೆ ಈ ಜೀನಿನ ದೋಷವೇ ಮುಖ್ಯ ಕಾರಣ. ಪ್ರಯೋಗಾಲಯದ ವರದಿಗಳಲ್ಲಿ ಬದಲಾವಣೆಯನ್ನು ಹೀಗೆ ಬರೆದಿರುತ್ತಾರೆ: ಸಿ.2483ಎ>ಜಿ. 2483ನೇ ಬೇಸ್‌ನಲ್ಲಿ ಎ ಇರಬೇಕಾದ ಕಡೆ ಜಿ ಇದೆ ಎಂದು ಅರ್ಥ.

ಪಟ್ಟಿ ನೋಡಿ. 2390ರಿಂದ 2547ರವರೆಗೆ 17ನೇ ಎಕ್ಸಾನ್, ಅಲ್ಲಿದೆ. 2483ನ್ನು 3ರಿಂದ ಭಾಗಿಸಿ: 827 ಕೋಡಾನ್ ಮುಗಿದು ಎರಡು ಬೇಸ್ ಮೇಲೆ. ಅಂದರೆ 828ನೇ ಕೋಡಾನ್‌ನ ನಡುವಿನ ಅಕ್ಷರ. ಟೈರೋಸಿನ್ ಇದ್ದ ಕಡೆ ಸಿಸ್ಟೀನ್ ಬಂದಿದೆ. ಜಾಗ ಕೋಶದೊಳಗಿನ ಬಾಲ. 825ರಿಂದ 828ರವರೆಗಿನ ಆಸ್ಪರಜಿನ್, ಪ್ರೋಲಿನ್, ವ್ಯಾಲಿನ್, ಟೈರೋಸಿನ್ ಎಂಬ ನಾಲ್ಕರ ಗುಂಪು ರಿಸೆಪ್ಟರನ್ನು ಒಳಗೆ ಎಳೆದುಕೊಳ್ಳುವ ಹಿಡಿಕೆ. ಕೊನೆಯ ಟೈರೋಸಿನ್ ಹೋದರೆ ರಿಸೆಪ್ಟರ್ ಮೇಲ್ಮೈಗೆ ಬರುತ್ತದೆ, ಎಲ್‌ಡಿಎಲ್ ಕಣವನ್ನು ಹಿಡಿಯುತ್ತದೆ, ಆದರೆ ಒಳಗೆ ಹೋಗುವುದಿಲ್ಲ. ಹಿಡಿದುಕೊಂಡು ಬಾಗಿಲಲ್ಲೇ ನಿಂತಿರುತ್ತದೆ. ಒಂದೇ ಒಂದು ಅಕ್ಷರಕ್ಕೆ.

ನಾನು ಎಡವಿದ್ದೂ ಈ ಬದಲಾವಣೆಯಲ್ಲೇ. ಹಳೆಯ ಲೇಖನವೊಂದರಲ್ಲಿ ಇದೇ ಟೈರೋಸಿನ್‌ಗೆ 807 ಎಂಬ ಸಂಖ್ಯೆ ಇತ್ತು. ಡೇಟಾಬೇಸಿನಲ್ಲಿ 807ಕ್ಕೆ ಹೋದರೆ ಅಲ್ಲಿ ಟೈರೋಸಿನ್ ಇಲ್ಲವೇ ಇಲ್ಲ. ಜಾಗವೂ ಪೊರೆಯೊಳಗೆ. ಫೈಲ್ ತಪ್ಪೋ ಲೇಖನ ತಪ್ಪೋ ಅಂತ ಒಂದು ಮಧ್ಯಾಹ್ನ ಪೂರ್ತಿ ತಲೆಕೆಡಿಸಿಕೊಂಡೆ. ಎರಡೂ ತಪ್ಪಿರಲಿಲ್ಲ. ಹಳಬರು ಸಿಗ್ನಲ್ ಪೆಪ್ಟೈಡ್ ಕತ್ತರಿಸಿದ ಮೇಲೆ ಎಣಿಸುತ್ತಿದ್ದರು, ಈಗ ಮೊದಲ ಮೆಥಿಯೊನಿನ್‌ನಿಂದ ಎಣಿಸುತ್ತಾರೆ. ವ್ಯತ್ಯಾಸ ಅದೇ 21. ಹಳೆಯ ಸಂಖ್ಯೆ ಸಿಕ್ಕರೆ 21 ಕೂಡಿಸಿ, ಆಮೇಲೆ ಅಲ್ಲಿರುವ ಅಮೈನೊ ಆಮ್ಲ ಹೊಂದುತ್ತದಾ ನೋಡಿ.

ಸಿ.2043ಸಿ>ಎ ಎಂಬುದನ್ನು ನೀವೇ ಮಾಡಿ ನೋಡಿ. ಉತ್ತರ: 14ನೇ ಎಕ್ಸಾನ್, 681ನೇ ಕೋಡಾನ್‌ನ ಕೊನೆಯ ಅಕ್ಷರ, ಸಿಸ್ಟೀನ್ ಹೋಗಿ 'ನಿಲ್ಲಿಸು' ಬರುತ್ತದೆ. ಪೊರೆಯ ಭಾಗ ಬರುವ ಮುಂಚೆಯೇ ಪ್ರೋಟೀನ್ ತುಂಡಾಗುತ್ತದೆ. ಲೆಬನಾನ್ ಮೂಲದವರಲ್ಲಿ ಹೆಚ್ಚಾಗಿ ಕಂಡುಬಂದದ್ದರಿಂದ ಇದಕ್ಕೆ ಲೆಬನೀಸ್ ಅಲೀಲ್ ಎಂದೇ ಹೆಸರು (ಅಲೀಲ್ ಅಂದರೆ ಜೀನಿನ ಒಂದು ರೂಪ).

ಸಿ.313+1ಜಿ>ಎ ಥರದ್ದು ಕಂಡರೆ ಗಾಬರಿ ಬೇಡ. 313 ಅಂದರೆ 3ನೇ ಎಕ್ಸಾನ್‌ನ ಕೊನೆ, +1 ಅಂದರೆ ಅದರಾಚೆ ಇಂಟ್ರಾನ್‌ನ ಮೊದಲ ಅಕ್ಷರ. ಇಂಟ್ರಾನ್‌ಗಳು ಸಾಮಾನ್ಯವಾಗಿ ಜಿಟಿಯಿಂದ ಶುರುವಾಗಿ ಎಜಿಯಿಂದ ಮುಗಿಯುತ್ತವೆ. ಆ ಜಿ ಹೋದರೆ ಎಲ್ಲಿ ಕತ್ತರಿಸಬೇಕು ಎಂಬ ಗುರುತೇ ಹೋಯಿತು.

ಇದು ಓದುವ ಅಭ್ಯಾಸ, ರೋಗನಿರ್ಣಯ ಅಲ್ಲ. ನಿಮ್ಮದೇ ವರದಿ ಕೈಯಲ್ಲಿದ್ದರೆ ತಳಿಶಾಸ್ತ್ರ ಬಲ್ಲ ವೈದ್ಯರ ಹತ್ತಿರ ಕೂತು ಓದಿಸಿಕೊಳ್ಳಿ.

ಹಂತ 6: ಗೆರೆಗಳನ್ನೂ ನೋಡಿ

ಡಬ್ಬಿಗಳು ಆಯಿತು, ನಡುವಿನ ಗೆರೆಗಳು? ಯುಸಿಎಸ್‌ಸಿ ಜೀನೋಮ್ ಬ್ರೌಸರ್‌ನಲ್ಲಿ ಈ ಜೀನ್ ತೆಗೆದು, ಪುನರಾವರ್ತನೆಗಳನ್ನು ತೋರಿಸುವ ರಿಪೀಟ್‌ಮಾಸ್ಕರ್ ಸಾಲನ್ನು ಆನ್ ಮಾಡಿ. ಇಂಟ್ರಾನ್‌ಗಳಲ್ಲಿ 'ಆಲು' ಎಂಬ ಸುಮಾರು 300 ಬೇಸ್‌ನ ತುಣುಕುಗಳು ಗಿಜಿಗಿಡುತ್ತಿರುತ್ತವೆ. ಒಂದರ ಹಾಗೆ ಇನ್ನೊಂದು ಇರುವುದರಿಂದ ಕ್ರೋಮೋಸೋಮ್‌ಗಳು ಜೋಡಿಯಾಗುವಾಗ ಒಂದು ಆಲು ತಪ್ಪಾಗಿ ಇನ್ನೊಂದರ ಜೊತೆ ಸೇರಿಕೊಳ್ಳುತ್ತದೆ. ನಡುವಿನ ತುಂಡು ಪೂರ್ತಿ ಹೋಗುತ್ತದೆ.

ಹೀಗೇ 5ನೇ ಎಕ್ಸಾನ್ ಒಂದೇ ಹಾರಿಹೋದ ಪ್ರಕರಣ 1986ರಲ್ಲಿ ವರದಿಯಾಯಿತು. ನಮ್ಮ ಪಟ್ಟಿ ಹೇಳಿದಂತೆಯೇ ಆಗಿತ್ತು: ಓದು ಕೆಡಲಿಲ್ಲ, ಏಳರ ಬದಲು ಆರು ತುಂಡುಗಳಿದ್ದ ರಿಸೆಪ್ಟರ್ ತಯಾರಾಯಿತು. ಅದು ಎಲ್‌ಡಿಎಲ್ ಅನ್ನು ಹಿಡಿಯಲಾರದು, ಆದರೆ ಬೀಟಾ ವಿಎಲ್‌ಡಿಎಲ್ ಎಂಬ ಇನ್ನೊಂದು ಕಣವನ್ನು ಹಿಡಿಯಬಲ್ಲದು. ಅದೇ 11ನೇ ಎಕ್ಸಾನ್ ಹೋದರೆ? 119 ಬೇಸ್, ಮೂರರಿಂದ ಭಾಗವಾಗುವುದಿಲ್ಲ. ಅಲ್ಲಿಂದ ಮುಂದಿನ ಓದೆಲ್ಲ ಅಪಭ್ರಂಶ.

ಮೊದಲ ಎಕ್ಸಾನ್‌ಗೂ ಮುಂಚೆ ಇರುವ ಪ್ರೊಮೋಟರನ್ನೂ ಒಮ್ಮೆ ನೋಡಿ. ಅಲ್ಲಿ 16 ಬೇಸ್‌ಗಳ ಮೂರು ಪುನರಾವರ್ತನೆಗಳಿವೆ. ನಡುವಿನದು ಕೋಶದೊಳಗೆ ಕೊಲೆಸ್ಟರಾಲ್ ಕಡಿಮೆಯಾದಾಗ ಜೀನನ್ನು ಎಬ್ಬಿಸುವ ಸ್ವಿಚ್.

ಮುಂದಿನ ಅಭ್ಯಾಸಕ್ಕೆ

ಇನ್ಸುಲಿನ್ ರಿಸೆಪ್ಟರ್ ತೆಗೆದುಕೊಳ್ಳಿ. ಅದೂ 19ಪಿ13.2ರಲ್ಲೇ ಇದೆ, 22 ಎಕ್ಸಾನ್. ಆದರೆ ಅದು ಡಿಎನ್‌ಎಯ ಎದುರು ಎಳೆಯಲ್ಲಿದೆ, ನಕ್ಷೆಯಲ್ಲಿ ಸಂಖ್ಯೆ ಇಳಿದಂತೆ ಜೀನ್ ಮುಂದೆ ಹೋಗುತ್ತದೆ. ಅದರ 11ನೇ ಎಕ್ಸಾನ್ ಬರೀ 36 ಬೇಸ್. ಕೋಶಗಳು ಅದನ್ನು ಒಮ್ಮೆ ಇಟ್ಟುಕೊಳ್ಳುತ್ತವೆ, ಒಮ್ಮೆ ಬಿಡುತ್ತವೆ. 36ನ್ನು 3ರಿಂದ ಭಾಗಿಸಿದರೆ ಅದು ಹೇಗೆ ಸಾಧ್ಯ ಅಂತ ಗೊತ್ತಾಗುತ್ತದೆ.

ಅದಾದ ಮೇಲೆ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್. 413 ಅಮೈನೊ ಆಮ್ಲ, ಪೊರೆಯನ್ನು ಏಳು ಸಲ ದಾಟುವ ಪ್ರೋಟೀನ್. ಸ್ಪ್ರೆಡ್‌ಶೀಟ್ ತೆರೆದು ಕಾಲಂಗಳನ್ನು ಹಾಕಿಕೊಂಡು ಎಕ್ಸಾನ್ ಪುಟಕ್ಕೆ ಹೋಗಿ. ನಿಮ್ಮ ಪಟ್ಟಿಯಲ್ಲಿ ಇರುವುದು ಒಂದೇ ಸಾಲು. ಆ ಜೀನಿನಲ್ಲಿ ಇಂಟ್ರಾನೇ ಇಲ್ಲ.